ಮನೆನಾಯಿಯ ಊಟ

ಅಮರಕೋಶದಲ್ಲಿ ನಾಯಿಗೆ ಹೇಳಿರುವ ಹೆಸರುಗಳಲ್ಲಿ ಕೌಲೇಯಕ ಎಂಬುದೂ ಒಂದು. ಕುಲವೆಂದರೆ ಇಲ್ಲಿ ಮನೆತನ. ಮನೆತನಕ್ಕೆ ಸೇರಿದ್ದು ಕೌಲೇಯಕ. ಹೆಸರಿನಲ್ಲಿ ಇಷ್ಟು ಹತ್ತಿರದ ನಂಟಿದ್ದರೂ ಊಟದ ಹೊತ್ತಿಗೆ ಅದರ ಸರದಿ ಎಲ್ಲರಿಗಿಂತ ಕೊನೆ. ಮನೆಮಂದಿ ಉಂಡೆದ್ದ ಮೇಲೆ ಪಾತ್ರೆಯಲ್ಲಿ ಉಳಿದ ಅನ್ನ, ಆರಿದ ಮುದ್ದೆ, ಅದರ ಮೇಲೆ ಒಂದು ಸೌಟು ಸಾರು. ಸುತ್ತೂರು, ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಹಲವು ಮನೆಗಳಲ್ಲಿ ನಾಯಿಯ ನಿತ್ಯದ ಊಟ ಇದೇ. ಹಾಕುವವರು ಅಕ್ಕರೆಯಿಂದಲೇ ಹಾಕುತ್ತಾರೆ. ಆದರೆ ಅದರಲ್ಲಿ ನಾಯಿಗೆ ಬೇಕಾದದ್ದು ಎಷ್ಟಿದೆ, ಬೇಡವಾದದ್ದು ಎಷ್ಟಿದೆ ಎಂಬುದನ್ನು ನೀವು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ನಾಯಿ ಮಾಂಸಾಹಾರಿ, ಮುದ್ದೆ ಅದಕ್ಕೆ ಒಗ್ಗದು ಎಂದು ಈಗೀಗ ಕೆಲವರು ಹೇಳುವುದುಂಟು. ಇದು ಪೂರ್ತಿ ನಿಜವಲ್ಲ. ತೋಳದ ಮತ್ತು ನಾಯಿಯ ವಂಶವಾಹಿಗಳನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಪಿಷ್ಟವನ್ನು ಅರಗಿಸುವ ಶಕ್ತಿ ನಾಯಿಯಲ್ಲಿ ತೋಳಕ್ಕಿಂತ ಬಹಳ ಹೆಚ್ಚು. ಮನುಷ್ಯನ ಜೊತೆ ಬಾಳಿ, ಅವನ ಧಾನ್ಯದಲ್ಲಿ ಪಾಲು ತಿಂದು ಬಂದ ಗುಣವದು. ಆದುದರಿಂದ ಮುದ್ದೆಯನ್ನು ದೂರುವುದು ಬೇಡ. ರಾಗಿಯಲ್ಲಿ ಸುಣ್ಣದ ಅಂಶವೂ ಹೇರಳ; 100 ಗ್ರಾಂ ಹಿಟ್ಟಿನಲ್ಲಿ 300 ಮಿಲಿಗ್ರಾಂ ಮೀರಿ ಇರುತ್ತದೆ.

ಸಾಲದೆ ಬರುವುದು ಸಸಾರಜನಕ, ಅಂದರೆ ಪ್ರೋಟೀನು. ಹತ್ತು ಕಿಲೋ ತೂಗುವ ಬೆಳೆದ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಶಕ್ತಿ, 25ರಿಂದ 30 ಗ್ರಾಂ ಸಸಾರಜನಕ ಬೇಕು. 180 ಗ್ರಾಂ ರಾಗಿಹಿಟ್ಟಿನ ಮುದ್ದೆಯಿಂದ ಶಕ್ತಿಯೇನೋ ಒದಗಿತು. ಸಸಾರಜನಕ ಸಿಕ್ಕಿದ್ದು 13 ಗ್ರಾಂ ಮಾತ್ರ. ಹೊಟ್ಟೆ ತುಂಬಿದ ನಾಯಿ ಮತ್ತೆ ಕೇಳುವುದಿಲ್ಲ. ನಾವೂ ಸಾಕಾಯಿತೆಂದು ತಿಳಿಯುತ್ತೇವೆ. ಅದೇ ಹಿಟ್ಟನ್ನು 120 ಗ್ರಾಮಿಗೆ ಇಳಿಸಿ, ಬೇಯಿಸಿದ ಎರಡು ಮೊಟ್ಟೆ, ಒಂದು ಹಿಡಿ ತೊಗರಿಬೇಳೆ ಬೇಯಿಸಿ ಸೇರಿಸಿದರೆ ಶಕ್ತಿಗೂ ಕೊರತೆಯಿಲ್ಲ, ಸಸಾರಜನಕವೂ 27 ಗ್ರಾಂ ಮುಟ್ಟುತ್ತದೆ. ಮೊಟ್ಟೆ ತಾರದ ಮನೆಗಳು ನಮ್ಮಲ್ಲಿ ಬಹಳ. ಅಂಥವರು ಎರಡು ಮೊಟ್ಟೆಯ ಬದಲು 70 ಗ್ರಾಂ ಪನೀರು ಕೊಡಬಹುದು. ಹಾಲು ಹಲವು ಬೆಳೆದ ನಾಯಿಗಳಿಗೆ ಅರಗದೆ ಭೇದಿಯಾಗುತ್ತದೆ, ಮೊಸರು ಮೇಲು. ಆದರೆ ಒಂದು ಮಾತು. ಬಿಸಿಲಿನಿಂದ ಮನುಷ್ಯನಂತೆ ಸಾಕಷ್ಟು ಡಿ ಜೀವಸತ್ವವನ್ನು ಮಾಡಿಕೊಳ್ಳುವ ಶಕ್ತಿ ನಾಯಿಯ ಚರ್ಮಕ್ಕಿಲ್ಲ. ಆದುದರಿಂದ ಮನೆಯ ಅಡಿಗೆಯನ್ನೇ, ಅದರಲ್ಲೂ ಬರಿಯ ಸಸ್ಯಾಹಾರವನ್ನೇ ವರ್ಷಗಟ್ಟಲೆ ಹಾಕುವವರು ಜೀವಸತ್ವ, ಲವಣಗಳ ವಿಚಾರದಲ್ಲಿ ಪಶುವೈದ್ಯರನ್ನು ಕೇಳಲೇಬೇಕು.

ಇನ್ನು ಆ ಒಂದು ಸೌಟು ಸಾರಿನ ವಿಚಾರ. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಈ ದೋಷ ಹೋಗದು; ಒಂದೇ ದಿನ ಹೆಚ್ಚು ತಿಂದರೂ, ಸ್ವಲ್ಪ ಸ್ವಲ್ಪವಾಗಿ ದಿನವೂ ತಿಂದರೂ ಅಪಾಯವೇ. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡವನ್ನು ಕೆಡಿಸುತ್ತವೆ. ಇದಕ್ಕೆ ಅವುಗಳಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಪಶುವೈದ್ಯರು ಈಗ ಬಲವಾಗಿ ಶಂಕಿಸುತ್ತಾರೆ. ಅದೇ ಆಮ್ಲ ನಮ್ಮ ಹುಣಿಸೆಹಣ್ಣಿನಲ್ಲೂ ಇದೆ. ಹುಣಿಸೆ ತಿಂದ ನಾಯಿಗಳ ಮೂತ್ರಪಿಂಡ ಕೆಟ್ಟ ಪ್ರಸಂಗಗಳು 2022ರಲ್ಲಿ ವರದಿಯಾಗಿವೆ. ಜಾತ್ರೆ, ಹಬ್ಬಗಳಲ್ಲಿ ಪಾಯಸ ಮಿಕ್ಕಿತೆಂದು ನಾಯಿಗೆ ಸುರಿಯುವಾಗ ಅದರಲ್ಲಿರುವ ದ್ರಾಕ್ಷಿಯ ನೆನಪಿರಲಿ. ಉಪಾಯವೇನೂ ಕಷ್ಟದ್ದಲ್ಲ: ಬೇಳೆ ಬೆಂದೊಡನೆ, ಹುಣಿಸೆ, ಖಾರ, ಒಗ್ಗರಣೆ ಬೀಳುವುದಕ್ಕೆ ಮುಂಚೆಯೇ, ನಾಯಿಯ ಪಾಲನ್ನು ಬೇರೆ ತೆಗೆದಿಡುವುದು. ಬೇಯಿಸಿದ ಕೋಳಿಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ, ಅದೂ ಬೇಡ.

ದನ ಕಟ್ಟಿದ ಮನೆಗಳಲ್ಲಿ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳದ ನುಚ್ಚು ಸದಾ ಇರುತ್ತವೆ. ಅದರಲ್ಲಿ ಒಂದು ಹಿಡಿ ನಾಯಿಗೂ ಹೋಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತು, ಕಾರಣ ಹುಡುಕಿದಾಗ ಸಿಕ್ಕಿದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಆ ಬೂಷ್ಟಿನ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರು. ಅದು ಯಕೃತ್ತನ್ನು ಹಾಳುಮಾಡುತ್ತದೆ, ಕುದಿಸಿದರೂ ಹೋಗುವುದಿಲ್ಲ. ದೊಡ್ಡ ದನ ತಡೆದುಕೊಂಡದ್ದನ್ನು ನಾಯಿ ತಡೆಯಲಾರದು. ಕಾರ್ಖಾನೆಯ ಆಹಾರಕ್ಕೂ ಈ ಭಯ ತಪ್ಪಿದ್ದಲ್ಲ. ಅಮೆರಿಕದಲ್ಲಿ 2020ರ ಕೊನೆಯಲ್ಲಿ ಇದೇ ವಿಷವಿದ್ದ ಆಹಾರ ತಿಂದು ನೂರಕ್ಕೂ ಹೆಚ್ಚು ನಾಯಿಗಳು ಸತ್ತುವೆಂದು ವರದಿಯಾಯಿತು.

ಅಂಗಡಿಯಲ್ಲಿ ಪೊಟ್ಟಣ ಕೊಳ್ಳುವವರು ಮುಂಭಾಗದ ಚಿತ್ರವನ್ನು ನೋಡಿ ಮರುಳಾಗದೆ ಹಿಂಭಾಗವನ್ನು ಓದಿ. ಅದು ಪೂರ್ಣಾಹಾರವೋ, ಬರಿಯ ತಿನಿಸೋ? ಮರಿಗೋ, ಬೆಳೆದ ನಾಯಿಗೋ? ಸಸಾರಜನಕದ ಅಂಕಿಯನ್ನು ನೋಡುವಾಗ ನೀರಿನ ಅಂಕಿಯನ್ನೂ ನೋಡಬೇಕು. ಡಬ್ಬಿಯ ಮೆತ್ತನೆಯ ಆಹಾರದಲ್ಲಿ ನೂರಕ್ಕೆ 78 ಪಾಲು ನೀರು, 8 ಪಾಲು ಸಸಾರಜನಕ ಎಂದಿರಲಿ. ನೀರು ಕಳೆದರೆ ಉಳಿದ 22ರಲ್ಲಿ 8, ಅಂದರೆ ನೂರಕ್ಕೆ 36. ಒಣ ಆಹಾರದಲ್ಲಿ ನೀರು 10, ಸಸಾರಜನಕ 24 ಎಂದಿದ್ದರೆ, 90ರಲ್ಲಿ 24, ನೂರಕ್ಕೆ ಸುಮಾರು 27. ನೋಟಕ್ಕೆ ಬಡವಾಗಿದ್ದದ್ದೇ ಇಲ್ಲಿ ಮುಂದು. ಹೀಗೆ ನೀರು ಕಳೆದ ಲೆಕ್ಕದಲ್ಲಿ ಬೆಳೆದ ನಾಯಿಗೆ ನೂರಕ್ಕೆ 18, ಮರಿಗೆ 22.5 ಕನಿಷ್ಠವೆಂದು ಅಮೆರಿಕದಲ್ಲಿ ರೂಢಿಯಲ್ಲಿರುವ ಮಾನ. ತೆರೆದ ಚೀಲದಿಂದ ತೂಗಿ ಕೊಡುವ ಬಿಡಿ ಸರಕನ್ನು ನಾನಂತೂ ಒಪ್ಪಲಾರೆ. ಗಾಳಿ ತಾಗಿ ಅದರ ಕೊಬ್ಬು ಕಮಟುತ್ತದೆ. ತಯಾರಾದ ತಾರೀಖೂ ತಿಳಿಯದು.

ಎಷ್ಟು ಹಾಕಬೇಕೆಂಬುದಕ್ಕೆ ನಿಮ್ಮ ಕೈಯೇ ತಕ್ಕಡಿ. ಪಕ್ಕೆಯನ್ನು ಸವರಿದಾಗ ಎಲುಬುಗಳು ಬೆರಳಿಗೆ ಸುಲಭವಾಗಿ ಸಿಗಬೇಕು. ಒತ್ತಿ ಹುಡುಕಬೇಕಾದರೆ ಕೊಬ್ಬು ಹೆಚ್ಚಿದೆಯೆಂದು ತಿಳಿಯಿರಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಮ್ಮ ಮುಧೋಳ ನಾಯಿ ಹುಟ್ಟಿನಿಂದಲೇ ಸಣಕಲು ಮೈಯದು. ಅದನ್ನು ಕಂಡು ಮರುಗಿ ತುಪ್ಪದನ್ನ ಹಾಕುವವರಿದ್ದಾರೆ, ಪಾಪ! ಹೊಸ ಆಹಾರಕ್ಕೆ ಬದಲಾಯಿಸುವಾಗ ಮೊದಲ ದಿನ ಕಾಲುಭಾಗ ಮಾತ್ರ ಬೆರೆಸಿ, ವಾರ ಹತ್ತು ದಿನಗಳಲ್ಲಿ ಪೂರ್ತಿ ಬದಲಾಯಿಸಿದರೆ ಹೊಟ್ಟೆ ಕೆಡುವುದಿಲ್ಲ. ಒಣ ಆಹಾರ ತಿನ್ನುವ ನಾಯಿಯ ಹತ್ತಿರ ನೀರಿನ ಬಟ್ಟಲು ಹಗಲಿರುಳೂ ತುಂಬಿರಬೇಕು.