ಕಾಲೇಜಿನ ಗೇಟು ನಮಗೂ ತೆರೆದಿದೆ



ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸೋಕೆ ಹೋದಾಗ ನಿಮ್ಮಲ್ಲಿ ಎಷ್ಟೋ ಜನ ಗೇಟಿನ ಹೊರಗೇ ನಿಲ್ತೀರಿ. "ಒಳಗೆ ಓದಿದೋರು ಇರ್ತಾರೆ, ನಮಗೇನು ಕೆಲಸ?" ಅಂತೀರಿ. ಈಗ ನಿಮಗೂ ಅಕ್ಷರ ಬಂದಿದೆ. ಆದ್ದರಿಂದ ಆ ಗೇಟಿನ ಒಳಗೆ ಏನಿದೆ ಅಂತ ಇವತ್ತು ತಿಳಿಯೋಣ.

ಕ್ಯಾಂಪಸ್ ಅನ್ನೋ ಮಾತು ಕೇಳಿದ್ದೀರಾ? ಕಾಲೇಜಿನ ಕಾಂಪೌಂಡಿನ ಒಳಗಿನ ಜಾಗಕ್ಕೆಲ್ಲ ಹಾಗಂತಾರೆ. ಪಾಠದ ಕೋಣೆ, ಗ್ರಂಥಾಲಯ, ಮೈದಾನ, ಮರದ ಕೆಳಗಿನ ಕಟ್ಟೆ ಎಲ್ಲಾ ಸೇರಿ ಕ್ಯಾಂಪಸ್. ಕಲಿಕೆ ಬರೀ ಕೋಣೆಯಲ್ಲಿ ನಡೆಯೋದಿಲ್ಲ. ಕಟ್ಟೆಯ ಮೇಲೂ ನಡೆಯುತ್ತೆ. ಓಬಳಾಪುರದ ಹುಡುಗ, ಮಡಕಶಿರಾ ಕಡೆಯ ಹುಡುಗಿ, ತೆಲುಗು ಮನೆಯವರು, ಕನ್ನಡ ಮನೆಯವರು, ಉರ್ದು ಮನೆಯವರು ಒಟ್ಟಿಗೆ ಕೂತು ಊಟದ ಡಬ್ಬಿ ಬಿಚ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಅಲ್ಲೇ ಬರುತ್ತೆ. ನಮ್ಮ ಗಡಿ ಸೀಮೆಯವರಿಗೆ ಇದು ಹೊಸದೇನಲ್ಲ. ರಾಯದುರ್ಗ ತಾಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಯಿತು. ರಾಯದುರ್ಗ, ಆಲೂರು, ಆದೋನಿ ಈ ಮೂರು ತಾಲೂಕು ಆಂಧ್ರಕ್ಕೆ ಬಂದವು. ಗಡಿ ಬದಲಾಯಿತು, ಸಂತೆ ಬದಲಾಗಲಿಲ್ಲ, ಬೀಗತನವೂ ಬದಲಾಗಲಿಲ್ಲ.

ಕಾಲೇಜಿನವರು ಊರಿನವರ ಜೊತೆ ಕೂತು ಕಲಿಸಿದ್ದು, ಕಲಿತದ್ದು ಹಳೆಯ ಸಂಗತಿ. 1940ರ ದಶಕದ ಆರಂಭದಲ್ಲಿ ಮೈಸೂರಿನ ವಿದ್ಯಾರ್ಥಿಗಳು, ಅಧ್ಯಾಪಕರು ಸೇರಿ ದೊಡ್ಡವರಿಗೆ ಅಕ್ಷರ ಕಲಿಸೋಕೆ ಹೊರಟರು. ಹಗಲು ತಾವು ಓದೋದು, ಸಂಜೆ ಬೇರೆಯವರಿಗೆ ಕಲಿಸೋದು. ಆ ಕೆಲಸ ಬೆಳೆದು ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ ಆಯಿತು. ಹೊಸದಾಗಿ ಓದು ಕಲಿತವರಿಗೆ ಓದೋಕೆ ಏನಾದರೂ ಬೇಕಲ್ಲ? ಅದಕ್ಕೆ ಸಮಿತಿ 'ಬೆಳಕು' ಅನ್ನೋ ವಾರಪತ್ರಿಕೆ, 'ಪುಸ್ತಕ ಪ್ರಪಂಚ' ಅನ್ನೋ ಮಾಸಪತ್ರಿಕೆ ಹೊರಡಿಸಿತು. ನಿಮ್ಮ ಕೈಲಿರೋ ಈ ಪುಟಕ್ಕೆ ಅವು ಅಕ್ಕಂದಿರು ಅನ್ನಬಹುದು.

ಅದೇ ಸಮಿತಿ 1947ರಲ್ಲಿ ನಂಜನಗೂಡಿನಲ್ಲಿ ಒಂದು ವಿದ್ಯಾಪೀಠ ತೆರೆಯಿತು. ಹಳ್ಳಿಯ ಯುವಕರು ಅಲ್ಲೇ ಉಳಿದು ಕಲಿಯೋ ಜಾಗ ಅದು. ಜೊತೆಗೆ ಉಣ್ಣೋದು, ಜೊತೆಗೆ ಹೊಲದ ಕೆಲಸ, ಜೊತೆಗೆ ಮಾತುಕತೆ. ಈ ಆಲೋಚನೆ ಬಂದದ್ದು ಡೆನ್ಮಾರ್ಕ್ ಅನ್ನೋ ದೇಶದಿಂದ. ಯೂರೋಪಿನ ಸಣ್ಣ ದೇಶ ಅದು. ಅಲ್ಲಿ ಗ್ರುಂಟ್ವಿಗ್ ಅನ್ನೋ ಪಾದ್ರಿಯೊಬ್ಬರು ಇದ್ದರು. ರೈತರ ಮಕ್ಕಳಿಗೆ ಪರೀಕ್ಷೆ ಬೇಡ, ಬಾಯಿಪಾಠ ಬೇಡ, ಕೂಡಿ ಬಾಳುತ್ತಾ ಮಾತಾಡುತ್ತಾ ಕಲಿಯಲಿ ಅಂದರು. ಅಂಥ ಮೊದಲ ಶಾಲೆ 1844ರಲ್ಲಿ ಶುರುವಾಯಿತು. ಹೊಲದಲ್ಲಿ ಕೆಲಸ ಕಮ್ಮಿ ಇರೋ ಚಳಿಗಾಲದಲ್ಲಿ ರೈತರ ಮಕ್ಕಳು ಬಂದು ಕಲೀತಿದ್ದರು. ನಮ್ಮ ಕಡೆ ಶೇಂಗಾ ಸುಗ್ಗಿಯಲ್ಲಿ ಕಲಿಕಾ ಕೇಂದ್ರ ಖಾಲಿ ಆಗುತ್ತಲ್ಲ, ಆ ಕಷ್ಟ ಅವರಿಗೆ ಆಗಲೇ ಗೊತ್ತಿತ್ತು ಅನ್ನಿ!

ಈಗ ನಮ್ಮ ಕಾಲಕ್ಕೆ ಬನ್ನಿ. ಎನ್.ಎಸ್.ಎಸ್. ಅಂದರೆ ರಾಷ್ಟ್ರೀಯ ಸೇವಾ ಯೋಜನೆ. ಗಾಂಧೀಜಿ ಹುಟ್ಟಿ ನೂರು ವರ್ಷ ಆದಾಗ, 1969ರ ಸೆಪ್ಟೆಂಬರ್ 24ರಂದು ಶುರುವಾಯಿತು. ಆಗ 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳು ಇದರಲ್ಲಿದ್ದರು. ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ ಮಾಡಬೇಕು. ಏಳು ದಿನ ಒಂದು ಹಳ್ಳಿಯಲ್ಲಿ ಶಿಬಿರ ಇರುತ್ತೆ. ಅವರ ಮಂತ್ರ 'ನಾನಲ್ಲ, ನೀನು'. ಎದೆ ಮೇಲೆ ಚಕ್ರದ ಗುರುತು ಹಾಕಿರ್ತಾರೆ. ಅದು ಒಡಿಶಾದ ಕೋನಾರ್ಕ್ ಸೂರ್ಯ ದೇವಸ್ಥಾನದ ರಥದ ಚಕ್ರ.

ಶಿಬಿರದ ಮಕ್ಕಳು ಬಂದರೆ ಬರೀ ಚರಂಡಿ ಕ್ಲೀನ್ ಮಾಡಿ ಹೋಗಲಿ ಅಂತ ಬಿಡಬೇಡಿ. ಶ್ರಮದಾನ ಒಳ್ಳೇದೇ. ಆದರೆ ಏಳು ದಿನ ಊರಲ್ಲಿದ್ದು ಒಂದು ಮನೆಯ ಹೊಸ್ತಿಲೂ ದಾಟದೆ ಹೋದರೆ ಏನು ಬಂತು? ಅವರನ್ನು ಕೂರಿಸಿಕೊಂಡು ಮಾತಾಡಿಸಿ. ಬಿತ್ತೋಕೆ ಮುಂಚೆ ಮಣ್ಣನ್ನು ಕೈಯಲ್ಲಿ ಹಿಡಿದು ಹದ ನೋಡ್ತೀರಲ್ಲ, ಅದನ್ನು ತೋರಿಸಿ. ಬೀಜದ ಶೇಂಗಾ ಹೇಗೆ ಆರಿಸ್ತೀರಿ, ಮಳೆ ಕೈಕೊಟ್ಟ ವರ್ಷ ಮನೆ ಹೇಗೆ ನಡೆಸಿದಿರಿ, ಹೇಳಿ. ಪುಸ್ತಕದಲ್ಲಿ ಅವರಿಗೆ ಅದು ಸಿಕ್ಕಿರೋದಿಲ್ಲ. ಬದಲಿಗೆ ಬ್ಯಾಂಕಿನ ಚಲನ್ ತುಂಬೋದು, ಫೋನಿನಲ್ಲಿ ಬಂದ ಮೆಸೇಜ್ ಓದೋದು ನೀವು ಕೇಳಿ ಕಲೀರಿ. ಕೊಟ್ಟು ತಗೊಳ್ಳೋ ಲೆಕ್ಕ ಇದು, ದಾನ ಅಲ್ಲ.

ಇನ್ನೊಂದು ವಿಷಯ. 2022ರಲ್ಲಿ ಕೇಂದ್ರ ಸರ್ಕಾರ ವಯಸ್ಕರ ಶಿಕ್ಷಣಕ್ಕೆ ಹೊಸ ಯೋಜನೆ ತಂದಿತು. ಹೆಸರು 'ಉಲ್ಲಾಸ್'. 15 ವರ್ಷ ದಾಟಿದ, ಓದು ಬಾರದ ಯಾರು ಬೇಕಾದರೂ ಸೇರಬಹುದು. ಕಲಿಸೋರು ಸ್ವಯಂಸೇವಕರು. ಅವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇರ್ತಾರೆ. ಕೊನೆಗೆ 150 ಅಂಕದ ಪರೀಕ್ಷೆ: ಓದಿಗೆ 50, ಬರವಣಿಗೆಗೆ 50, ಲೆಕ್ಕಕ್ಕೆ 50. ಮುಂದೆ ಹತ್ತನೇ ತರಗತಿ ಕಟ್ಟೋ ಆಸೆ ಇದ್ದರೆ ಓಪನ್ ಸ್ಕೂಲ್ ಇದೆ. 14 ವರ್ಷ ತುಂಬಿರಬೇಕು ಅಷ್ಟೆ. "ಅಜ್ಜಿ, ನಿಮಗೆ ವಯಸ್ಸಾಯಿತು" ಅಂತ ಅಲ್ಲಿ ಯಾರೂ ವಾಪಸ್ ಕಳಿಸೋ ಹಾಗಿಲ್ಲ.

ಬೋರ್ಡು ತೆಲುಗಿನಲ್ಲಿದೆ, ನಮಗೆ ಕನ್ನಡ ಮಾತ್ರ ಬರುತ್ತೆ ಅಂತ ಅಂಜಬೇಡಿ. ಎರಡೂ ಲಿಪಿ ಒಂದೇ ತಾಯಿಯ ಮಕ್ಕಳು. ಎಷ್ಟೋ ಅಕ್ಷರಗಳಲ್ಲಿ ತಲೆಕಟ್ಟು ಮಾತ್ರ ಬೇರೆ, ಮೈ ಒಂದೇ ಥರ ಇರುತ್ತೆ. ಬಸ್ಸಿಗೆ ಕಾಯುವಾಗ ಗೇಟಿನ ಮೇಲಿನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ ನೋಡಿ.

ಪೋಷಕರ ಸಭೆಗೆ ಕರೆದರೆ ಹೋಗಿ. ಗ್ರಂಥಾಲಯ ಎಲ್ಲಿದೆ ಅಂತ ಕೇಳಿ, ಮಗಳು ಎಲ್ಲಿ ಕೂತು ಓದ್ತಾಳೆ ಅಂತ ನೋಡಿ. ಬಂದವರ ಪುಸ್ತಕದಲ್ಲಿ ಹೆಬ್ಬೆಟ್ಟಿಗೆ ಅಂತ ಶಾಯಿ ಡಬ್ಬಿ ಮುಂದಿಟ್ಟರೆ ಪಕ್ಕಕ್ಕೆ ಸರಿಸಿ, ಪೆನ್ನು ಕೇಳಿ.