ಅಡಿಗಲ್ಲು ಇಟ್ಟವರು, ಬೆನ್ನಿಗೆ ನಿಂತವರು

ಆಣೆಕಟ್ಟನ್ನೋ ಸೇತುವೆಯನ್ನೋ ನೋಡಿದಾಗ ನಾವು ಮೊದಲು ಕೇಳುವದು ಅದನ್ನು ಕಟ್ಟಿದ ಇಂಜಿನಿಯರರ ಹೆಸರನ್ನು. ಅದು ತಪ್ಪಲ್ಲ. ಆದರೆ ಆ ಇಂಜಿನಿಯರರಿಗೆ ಹಣ ಒದಗಿಸಿ, ಅಡ್ಡ ಬಂದವರಿಗೆ ಉತ್ತರ ಹೇಳಿ, ಕೆಲಸ ಮುಗಿಯುವ ತನಕ ಹಿಂದೆ ನಿಂತ ಅಧಿಕಾರಸ್ಥನೊಬ್ಬನು ಇದ್ದೇ ಇರುತ್ತಾನೆ. ಇಂದಿನ ಆಡಳಿತಶಾಸ್ತ್ರದವರು ಅವನನ್ನು ‘ಎಕ್ಸಿಕ್ಯೂಟಿವ್ ಸ್ಪಾನ್ಸರ್’ ಎಂದು ಕರೆಯುತ್ತಾರೆ. ಹೆಸರು ಭಾರವಾಯಿತು, ನಾನು ‘ಬೆನ್ನಾಸರೆಯವನು’ ಎನ್ನುವೆ.

ಇಂಥವರೊಬ್ಬರನ್ನು ನಾನು ಮೊದಲು ಕಂಡುದು ತಾಂಬಾದಲ್ಲಿ, ನಮ್ಮ ಓಣಿಯ ಬಾವಿಯ ದಂಡೆಯ ಮೇಲೆ. ನಾನಾಗ ಸಣ್ಣವನು. ಹೂಳು ತುಂಬಿ, ಬೇಸಿಗೆಯಲ್ಲಿ ಕೊಡ ಮುಳುಗದಷ್ಟು ನೀರು. ಅಧಿಕಾರಿಯೊಬ್ಬರು ಬಂದು ಕಾಯಿ ಒಡೆದು, ತಮ್ಮ ಹೆಸರಿನ ಕಲ್ಲು ನಿಲ್ಲಿಸಿ ಕೆಲಸ ಆರಂಭಿಸಿದರು. ಹದಿನೈದು ದಿನಗಳಲ್ಲಿ ಅವರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು, “ಇದು ನನ್ನ ಕಾಲದ ಕೆಲಸವಲ್ಲ” ಎಂದುಬಿಟ್ಟರು. ತೆಗೆದ ಹೂಳನ್ನು ತಮ್ಮ ಜಾಗದಲ್ಲಿ ಚೆಲ್ಲಬಾರದೆಂದು ಒಬ್ಬರ ತಕರಾರು. ಕೂಲಿ ಬಾರದೆ ಆಳುಗಳೂ ಹೋದರು. ಎರಡು ಬೇಸಿಗೆ ನಮ್ಮವ್ವ ದೂರದ ಹೊಲದ ಬಾವಿಯಿಂದ ನೀರು ಹೊತ್ತಳು. (ಆ ಕಲ್ಲಿನ ಮೇಲೆ ಅರಿವೆ ಒಗೆಯಲು ಮಾತ್ರ ಬಹಳ ಅನುಕೂಲವಾಗಿತ್ತು.)

ಮೂರನೆಯ ವರ್ಷ ಓಣಿಯ ಹಿರಿಯರೊಬ್ಬರು ಮುಂದೆ ಬಂದರು. ಅವರಿಗೆ ಬಾವಿ ತೋಡುವ ವಿದ್ಯೆ ತಿಳಿಯದು, ಅಕ್ಷರವೂ ಅಷ್ಟಕ್ಕಷ್ಟೆ. “ಹೂಳ ನನ್ನ ಹೊಲದಾಗ ಹಾಕ್ರಿ. ಕೂಲಿ ವಾರಕ್ಕೊಮ್ಮೆ ನಾ ಕೊಡತೀನಿ, ಪಟ್ಟಿ ಆಮ್ಯಾಲ ಎತ್ತೂಣು” ಎಂದರು. ದಿನಾಲು ಮುಂಜಾನೆ ಬಂದು ದಂಡೆಯ ಮೇಲೆ ಕೂಡುವರು. ಅವರು ಕೂತರೆ ತಕರಾರಿನವರು ಅತ್ತ ಸುಳಿಯುತ್ತಿರಲಿಲ್ಲ. ಒಂದು ಸಲ ಮಾತ್ರ ಅಗೆಯುವ ರೀತಿಯನ್ನೂ ಹೇಳಿಕೊಡಲು ಹೋದರು. “ಗೌಡ್ರ, ಅದನ್ನ ನಮಗ ಬಿಡ್ರಿ” ಎಂದ ಆಳು. ಬಿಟ್ಟರು. ಬಾವಿ ಮುಗಿಯಿತು.

ಬೆನ್ನಾಸರೆಯವನ ಕೆಲಸವೆಲ್ಲ ಇಷ್ಟರಲ್ಲೇ ಬಂದುಹೋಯಿತೆಂದು ನನಗೆ ಅನಿಸುವದು. ಅವನ ಮಾತಿಗೆ ಬೆಲೆ ಇರಬೇಕು, ಹಣ ಅವನ ಕೈಯಳತೆಯಲ್ಲಿರಬೇಕು, ತನ್ನದನ್ನು ಸ್ವಲ್ಪವಾದರೂ ಪಣಕ್ಕೆ ಹಚ್ಚಬೇಕು. ತಿಳಿದವರ ಕೆಲಸದಲ್ಲಿ ಕೈ ಹಾಕಬಾರದು. ಎಲ್ಲಕ್ಕೂ ಕಠಿಣವಾದುದು ಕೊನೆಯವರೆಗೆ ಇರುವದು.

ಇರಲಾಗದಿದ್ದರೆ? ಇದಕ್ಕೆ ಉತ್ತರ ಹಳೆಯ ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿದೆ. ಅಲ್ಲಿಯ ಜಲಪಾತದಿಂದ ವಿದ್ಯುತ್ತು ತೆಗೆದು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯುವ ಯೋಜನೆಯನ್ನು ರೂಪಿಸಿದವರು ಇಂಜಿನಿಯರ್ ಜೋಲಿ ದ ಲಾಟ್ಬಿನಿಯೆರ್. ಅಷ್ಟು ದೂರ ತಂತಿ ಎಳೆಯುವದು ಆ ಕಾಲಕ್ಕೆ ಬಹು ದೊಡ್ಡ ಸಾಹಸ. ಬೆನ್ನಿಗೆ ನಿಂತವರು 1883ರಿಂದ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್. ವಿದ್ಯುತ್ತನ್ನು ಕೊಳ್ಳುವ ಕರಾರು ಗಣಿಗಳವರಿಂದ ಮೊದಲೇ ಆಗಿತ್ತು. ಯಂತ್ರಗಳನ್ನು ಒದಗಿಸುವ ಹೊಣೆ ಅಮೇರಿಕೆಯ ಜನರಲ್ ಇಲೆಕ್ಟ್ರಿಕ್ ಕಂಪನಿಯದಾಗಿತ್ತು. ಶೇಷಾದ್ರಿ ಅಯ್ಯರರು 1901ರಲ್ಲಿ ನಿವೃತ್ತರಾಗಿ ಅದೇ ವರ್ಷ ತೀರಿಕೊಂಡರು. ವಿದ್ಯುತ್ತು ಕೋಲಾರವನ್ನು ಮುಟ್ಟಿದ್ದು 1902ರಲ್ಲಿ. ಅವರು ಅದನ್ನು ನೋಡಲಿಲ್ಲ, ಆದರೆ ಕೆಲಸ ನಿಲ್ಲಲೂ ಇಲ್ಲ. ಕೊಡುವವರೂ ಕೊಳ್ಳುವವರೂ ಕರಾರಿನಲ್ಲಿ ಕಟ್ಟುಬಿದ್ದಿದ್ದರು. ಕನ್ನಂಬಾಡಿಯ ಕಥೆ ಎಲ್ಲರಿಗೂ ಗೊತ್ತಿದ್ದುದೇ. ಒಂದು ಮಾತು ಮಾತ್ರ ಹೇಳುವೆ: ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿ ಬಿಟ್ಟ ಮೇಲೂ ಆ ಕಟ್ಟಡ ಮೇಲೇರಿತು, 1911ರಲ್ಲಿ ಮಂಜೂರಿ ಕೊಟ್ಟ ಅರಸರು, ನಾಲ್ವಡಿ ಕೃಷ್ಣರಾಜ ಒಡೆಯರು, ಇನ್ನೂ ಪಟ್ಟದಲ್ಲಿದ್ದರು.

ಇನ್ನು ನಮ್ಮ ಜಿಲ್ಲೆಯ ಆಲಮಟ್ಟಿ. 1964ರ ಮೇ 22ರಂದು ಲಾಲ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಆಗ ಮುಖ್ಯಮಂತ್ರಿಗಳು ನಿಜಲಿಂಗಪ್ಪನವರು. ರಾಷ್ಟ್ರಪತಿ ಅಬ್ದುಲ್ ಕಲಾಮರು ಆಣೆಕಟ್ಟನ್ನು ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ್ 21ರಂದು. ನಡುವೆ 42 ವರ್ಷ! ಇದನ್ನು ಬೆನ್ನಾಸರೆ ಇಲ್ಲದ್ದರ ಫಲವೆಂದಷ್ಟೇ ಹೇಳಿದರೆ ಅನ್ಯಾಯವಾದೀತು; ಮೂರು ರಾಜ್ಯಗಳ ನೀರಿನ ವ್ಯಾಜ್ಯ, ಹಣದ ಅಡಚಣೆ, ಮುಳುಗಡೆಯವರ ಪುನರ್ವಸತಿ ಎಲ್ಲವೂ ಅದರಲ್ಲಿದ್ದವು. ಆದರೂ 1994ರಲ್ಲಿ ಈ ಯೋಜನೆಗೆಂದೇ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿ, ಬಾಂಡುಗಳ ಮೂಲಕ ಹಣ ಎತ್ತತೊಡಗಿದ ಮೇಲೆಯೇ ಕೆಲಸಕ್ಕೆ ವೇಗ ಬಂದುದನ್ನು ಗಮನಿಸಬೇಕು. ಮಂತ್ರಿಗಳು ಬದಲಾದರೂ ಕಡತಕ್ಕೆ ಒಂದು ಮನೆ ಸಿಕ್ಕಿತು.

ನೀರು ನಿಲ್ಲಿಸುವ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಮಂಡಳಿ ಒಪ್ಪಿತು. ಆ ಕೆಲಸ ಇನ್ನೂ ಬಾಕಿ ಇದೆ. ಈಚೆಗೆ ಇಂಡಿಯ ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಮುಳುಗಡೆ ಊರಿನ ರೈತನೊಬ್ಬನಿಗೆ ನಾನು ಈ ಮೀಟರುಗಳ ಲೆಕ್ಕವನ್ನು ಬಹಳ ಹುರುಪಿನಿಂದ ವಿವರಿಸಿದೆ. ಅವನು ಸುಮ್ಮನೆ ಕೇಳಿ ಅಂದ: “ಸರ, ನೀರ ಎಷ್ಟರ ಏರಲಿ. ನಮ್ಮ ರೊಕ್ಕ ಕೈಗೆ ಬರೂತನಾ ಯಾರ ಇರತಾರ, ಅದನ್ನಟ ಹೇಳ್ರಿ.”