ಹಾಜಿ ಅಲಿಯ ತೀರ್ಪು ತರಗತಿಗೆ ಬಂದರೆ

ಮುಂಬಯಿಯ ವರ್ಲಿ ಕಡಲಿನಲ್ಲಿರುವ ಹಾಜಿ ಅಲಿ ದರ್ಗಾದಲ್ಲಿ ಸಂತರ ಗೋರಿಯ ಹತ್ತಿರ ಹೋಗಿ ಪ್ರಾರ್ಥಿಸಲು ಹೆಂಗಸರಿಗೂ ಅವಕಾಶವಿತ್ತು. 2012ರ ಹೊತ್ತಿಗೆ ದರ್ಗಾ ಟ್ರಸ್ಟ್ ಅದನ್ನು ನಿಲ್ಲಿಸಿತು. ಮೊದಲು ತನಗೆ ಶರೀಅತ್ ಸರಿಯಾಗಿ ತಿಳಿದಿರಲಿಲ್ಲ, ಈಗ ತಿದ್ದಿಕೊಂಡಿದ್ದೇನೆ ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. 2007ರಲ್ಲಿ ಶುರುವಾದ ಭಾರತೀಯ ಮುಸ್ಲಿಂ ಮಹಿಳಾ ಆಂದೋಲನದ ನೂರ್‌ಜೆಹಾನ್ ಸಫಿಯಾ ನಿಯಾಜ್ ಮತ್ತು ಜಕಿಯಾ ಸೋಮನ್ 2014ರಲ್ಲಿ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದರು. ಸಂವಿಧಾನ ಕೊಟ್ಟ ಸಮಾನತೆ ಅವರು ಹಿಡಿದ ಒಂದು ಆಧಾರ. ಇಂಥ ನಿಷೇಧವನ್ನು ಇಸ್ಲಾಂ ಹೇಳಿಲ್ಲ ಎಂಬುದು ಇನ್ನೊಂದು. ಟ್ರಸ್ಟ್ ಕೂಡ ಕುರ್‌ಆನ್ ಮತ್ತು ಹದೀಸನ್ನೇ ಮುಂದಿಟ್ಟಿತು. 2016ರ ಆಗಸ್ಟ್ 26ರಂದು ನ್ಯಾಯಮೂರ್ತಿ ವಿ.ಎಂ. ಕಾನಡೆ ಮತ್ತು ನ್ಯಾಯಮೂರ್ತಿ ರೇವತಿ ಮೋಹಿತೆ ಡೇರೆ ಅವರ ಪೀಠ, ಈ ನಿಷೇಧ ಇಸ್ಲಾಮಿನ ಅತ್ಯಗತ್ಯ ಆಚರಣೆಯೆಂದು ಸಾಬೀತಾಗಿಲ್ಲ, ಸಂವಿಧಾನದ 14, 15 ಮತ್ತು 25ನೇ ವಿಧಿಗಳಿಗೂ ಅದು ವಿರುದ್ಧ ಎಂದಿತು. ಸುಪ್ರೀಂ ಕೋರ್ಟಿಗೆ ಹೋದ ಟ್ರಸ್ಟ್ ಕೊನೆಗೆ ಅಲ್ಲಿ ತಾನೇ ಒಪ್ಪಿಕೊಂಡಿತು. ಅದೇ ನವೆಂಬರಿನಲ್ಲಿ ಹೆಂಗಸರು ಮತ್ತೆ ಒಳಹೋದರು. ಧರ್ಮಗ್ರಂಥವನ್ನೇ ಕೈಗೆತ್ತಿಕೊಂಡು ಧರ್ಮದ ಹೆಸರಿನ ಕಟ್ಟಳೆಯನ್ನು ಪ್ರಶ್ನಿಸುವ ಈ ಬಗೆಯನ್ನು ಇಸ್ಲಾಮಿಕ್ ಸ್ತ್ರೀವಾದ ಎನ್ನುತ್ತಾರೆ. ನಾನಾ ಜನ ಕೂಡಿ ಬಾಳುವ ಊರಿನ ಶಾಲೆಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಈ ಚಿಂತನೆಯ ಬುಡದಲ್ಲಿರುವುದು ಸರಳವಾದ ವಿವೇಚನೆ: ದೈವವಾಣಿ ಬೇರೆ, ಅದಕ್ಕೆ ಮನುಷ್ಯರು ಹೇಳಿದ ಅರ್ಥ ಬೇರೆ. ಅರ್ಥ ಹೇಳಿದವರು ಬಹುಪಾಲು ಗಂಡಸರು. ಬಹುಪತ್ನಿತ್ವವನ್ನೇ ನೋಡಿ. ಕುರ್‌ಆನಿನ ನಾಲ್ಕನೆಯ ಅಧ್ಯಾಯ ನಾಲ್ವರು ಹೆಂಡಿರವರೆಗೆ ಅನುಮತಿ ಕೊಡುವಾಗಲೇ, ಸಮನಾಗಿ ನಡೆಸಿಕೊಳ್ಳಲಾರೆನೆಂಬ ಅಂಜಿಕೆಯಿದ್ದರೆ ಒಬ್ಬಳೇ ಸಾಕು ಎನ್ನುತ್ತದೆ. ಅದೇ ಅಧ್ಯಾಯ ಮುಂದೆ, ಎಷ್ಟು ಬಯಸಿದರೂ ಅಂಥ ಸಮಾನತೆ ಕೈಗೂಡದು ಎನ್ನುತ್ತದೆ. ಮೊದಲನೆಯದು ಅನ್ನ, ವಸತಿಯ ಮಾತು, ಎರಡನೆಯದು ಮನಸ್ಸಿನ ಒಲವಿನ ಮಾತು ಎಂದು ಹಳೆಯ ವ್ಯಾಖ್ಯಾನಕಾರರು ಬೇರ್ಪಡಿಸಿದರು. ಎರಡನ್ನೂ ಕೂಡಿಸಿ ಓದಿದರೆ ಏಕಪತ್ನಿತ್ವವೇ ಆದರ್ಶ ಎನ್ನುತ್ತಾರೆ ಈ ಸ್ತ್ರೀವಾದಿಗಳು. ಅಮೆರಿಕದ ಅಮೀನಾ ವದೂದ್ ಅವರ ಕುರ್‌ಆನ್ ಅಧ್ಯಯನವೂ ಮುಂಬಯಿಯ ಬೋಹ್ರಾ ಸುಧಾರಕ ಅಸ್ಗರ್ ಅಲಿ ಇಂಜಿನಿಯರ್ ಅವರು ಇಸ್ಲಾಮಿನಲ್ಲಿ ಮಹಿಳೆಯರ ಹಕ್ಕುಗಳ ಬಗ್ಗೆ ಬರೆದ ಪುಸ್ತಕವೂ 1992ರಲ್ಲೇ ಹೊರಬಂದವು. ಇದು ಪಂಡಿತರ ಚರ್ಚೆಯಾಗಿ ಮಾತ್ರ ಉಳಿಯಲಿಲ್ಲ. ಆಂದೋಲನ 10 ರಾಜ್ಯಗಳ 4,710 ಮುಸ್ಲಿಂ ಮಹಿಳೆಯರನ್ನು ಮಾತಾಡಿಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಬಾಯ್ಮಾತಿನ ಏಕಪಕ್ಷೀಯ ತಲಾಖ್ ನಿಲ್ಲಬೇಕೆಂದವರು ಶೇಕಡ 92.1. ಹೆಂಗಸರನ್ನೇ ಖಾಜಿಗಳಾಗಿ ತಯಾರು ಮಾಡುವ ತರಬೇತಿಯನ್ನೂ ಅದು ಮುಂಬಯಿಯಲ್ಲಿ ಆರಂಭಿಸಿತು.

ಶಾಲೆಗೂ ಇದಕ್ಕೂ ಏನು ನಂಟು? ಮುಂಬಯಿ ಮಹಾನಗರಪಾಲಿಕೆ ಕನ್ನಡ, ಉರ್ದು ಸೇರಿ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತ ಬಂದಿದೆ. ಇಂಥ ಊರಿನಲ್ಲೂ ಅನ್ಯಧರ್ಮದ ಪರಿಚಯವೆಂದರೆ ಹಬ್ಬ, ಉಡುಪು, ಊಟ ಎಂಬಲ್ಲಿಗೆ ಮುಗಿಯುತ್ತದೆ. ಅದರಿಂದ ಸೌಜನ್ಯ ಬರಬಹುದು, ತಿಳಿವಳಿಕೆ ಬರದು. ಇಡೀ ಸಮುದಾಯಕ್ಕೆ ಒಂದೇ ಬಾಯಿ, ಒಂದೇ ಅಭಿಪ್ರಾಯ ಎಂಬ ಭಾವನೆ ಹಾಗೇ ಉಳಿಯುತ್ತದೆ. ಆ ಒಂದು ಬಾಯಿ ಸಾಮಾನ್ಯವಾಗಿ ಮೌಲ್ವಿಯದು ಅಥವಾ ಟ್ರಸ್ಟಿಯದು. ನೂರ್‌ಜೆಹಾನ್ ಮತ್ತು ಟ್ರಸ್ಟ್ ಒಂದೇ ಗ್ರಂಥ ಹಿಡಿದು ಎದುರುಬದುರು ನಿಂತದ್ದನ್ನು ಓದಿದ ವಿದ್ಯಾರ್ಥಿ, ಮುಸ್ಲಿಮರು ಹೀಗೆ ಎಂದು ಮತ್ತೆ ಅಷ್ಟು ಸಲೀಸಾಗಿ ಹೇಳಲಾರ.

ಹಕ್ಕು ಕೇಳಲು ಧರ್ಮದ ಅಪ್ಪಣೆ ಏಕೆ ಬೇಕು ಎಂಬ ಆಕ್ಷೇಪಕ್ಕೆ ತೂಕವಿದೆ. 1966ರಲ್ಲಿ ಸಮಾಜ ಸುಧಾರಕ ಹಮೀದ್ ದಳವಾಯಿ ಏಳು ಮುಸ್ಲಿಂ ಮಹಿಳೆಯರೊಡನೆ ಮುಂಬಯಿಯಲ್ಲಿ ತ್ರಿವಳಿ ತಲಾಖ್ ವಿರುದ್ಧ ಮೆರವಣಿಗೆ ಹೊರಟದ್ದು ಕುರ್‌ಆನಿನ ವ್ಯಾಖ್ಯಾನ ಹಿಡಿದಲ್ಲ. 1983ರಲ್ಲಿ ಶಹನಾಜ್ ಶೇಖ್ ವೈಯಕ್ತಿಕ ಕಾನೂನನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದೂ ನಾಗರಿಕಳಾಗಿ. ಮಗಳಿಗೆ ಮಗನ ಅರ್ಧದಷ್ಟು ಪಾಲು ಎಂಬಂಥ ಸ್ಪಷ್ಟ ವಿಧಿಯ ಮುಂದೆ ಮರುವ್ಯಾಖ್ಯಾನ ತಡವರಿಸುತ್ತದೆ. ಅಲ್ಲಿ ಸಂವಿಧಾನವೇ ಬೇಕು. ಆದರೆ ನಂಬಿಕೆ ಬೇಕೋ ಹಕ್ಕು ಬೇಕೋ ಆರಿಸಿಕೋ ಎಂದರೆ ನಮಾಜು ಬಿಡಲೊಲ್ಲದ ಹೆಣ್ಣು ಒಂಟಿಯಾಗುತ್ತಾಳೆ. ಹಾಜಿ ಅಲಿ ಪ್ರಕರಣದಲ್ಲಿ ಎರಡೂ ದಾರಿಗಳು ಒಂದೇ ಅರ್ಜಿಯಲ್ಲಿ ಕೂಡಿದವು ಎಂಬುದನ್ನು ಮರೆಯಬಾರದು.

ಇನ್ನೊಂದು ಆಕ್ಷೇಪ ಮುಸ್ಲಿಂ ಸ್ತ್ರೀವಾದಿಗಳದ್ದೇ: ಈ ಪಾಠ ಸಮುದಾಯವನ್ನು ಹೀಗಳೆಯುವವರಿಗೆ ಅಸ್ತ್ರವಾಗದೆ? ಅಂಜಿಕೆ ಸುಳ್ಳಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ತ್ರಿವಳಿ ತಲಾಖನ್ನು ರದ್ದುಮಾಡಿದ ಮೇಲೆ, 2019ರ ಕಾಯ್ದೆ ಗಂಡನಿಗೆ ಮೂರು ವರ್ಷದವರೆಗೆ ಜೈಲು ವಿಧಿಸಿತು. ಗಂಡ ಜೈಲಿನಲ್ಲಿದ್ದರೆ ಜೀವನಾಂಶ ಕೊಡುವವರು ಯಾರು ಎಂದು ತಲಾಖ್ ವಿರೋಧಿಸಿದ ಮಹಿಳೆಯರಲ್ಲೇ ಕೆಲವರು ಕೇಳಿದರು. ಇದಕ್ಕೆ ಮದ್ದು ಪಾಠವನ್ನು ಕೈಬಿಡುವುದಲ್ಲ, ಜೊತೆಗೆ ಇನ್ನೊಂದನ್ನು ಇಡುವುದು. 2016ರ ಏಪ್ರಿಲಿನಲ್ಲಿ ಇದೇ ಹೈಕೋರ್ಟು, ಪೂಜಾಸ್ಥಳಕ್ಕೆ ಹೋಗುವುದು ಹೆಣ್ಣಿನ ಮೂಲಭೂತ ಹಕ್ಕು ಎಂದದ್ದು ಶನಿ ಶಿಂಗಣಾಪುರದ ಹಿಂದೂ ದೇವಸ್ಥಾನದ ಸಂದರ್ಭದಲ್ಲಿ. ಐದೇ ತಿಂಗಳ ಅಂತರದ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ, ಹೆಣ್ಣನ್ನು ಹೊಸ್ತಿಲಾಚೆ ನಿಲ್ಲಿಸುವ ಚಾಳಿ ಯಾವ ಒಂದು ಧರ್ಮದ ಸೊತ್ತೂ ಅಲ್ಲ ಎಂಬುದು ಮಕ್ಕಳಿಗೇ ಹೊಳೆಯುತ್ತದೆ.

ಕನ್ನಡ ಮೇಷ್ಟರಿಗಂತೂ ಸಾಮಗ್ರಿ ಮನೆಯಲ್ಲೇ ಇದೆ. ಕಾಸರಗೋಡಿನ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ತಲಾಖಿಗೆ ಸಿಕ್ಕಿ ನಲುಗಿದ ನಾದಿರಾಳ ಕತೆ ಹೇಳಿದರು. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪಡೆದ ಬಾನು ಮುಷ್ತಾಕ್ ಅವರ 'ಕರಿನಾಗರಗಳು' ಕತೆಯ ಹೆಣ್ಣು ನ್ಯಾಯ ಕೇಳಲು ಹೋಗುವುದು ಮಸೀದಿಗೇ. ಈ ಕತೆಗಳನ್ನೂ ಆ ತೀರ್ಪುಗಳನ್ನೂ ಕೂಡಿಸಿ ಕಲಿಸಿದರೆ, ಪರರ ಧರ್ಮದ ಬಗ್ಗೆ ಏನೇ ಕೇಳಿದರೂ ಇದನ್ನು ಹೇಳುತ್ತಿರುವವರು ಯಾರು, ಅವರಲ್ಲೇ ಒಪ್ಪದವರು ಯಾರು ಎಂದು ವಿಚಾರಿಸುವ ಅಭ್ಯಾಸ ಮಕ್ಕಳಿಗೆ ಬರುತ್ತದೆ. ಆ ಅಭ್ಯಾಸ ಬಂದವರು ತಮ್ಮ ಧರ್ಮದ ಬಗ್ಗೆಯೂ ಅದೇ ಪ್ರಶ್ನೆ ಕೇಳದೆ ಬಿಡಲಾರರು.